ಜಡೆ ಹೆಣೆದ ನೆಲ

ಮಗಳ ಮನೆ ಸೇರಿದ ಮಾರನೆಯ ಬೆಳಿಗ್ಗೆಯೇ ನನ್ನಿಂದ ಒಂದು ಅಪರಾಧವಾಯಿತು. ಅವಳು ಕೆಲಸಕ್ಕೆ ಹೋದ ಮೇಲೆ ಬಕೆಟ್ಟಿನಲ್ಲಿ ನೀರು ಹಿಡಿದು, ನೆರಿಗೆ ಎತ್ತಿ ಸಿಕ್ಕಿಸಿ ನಡುಮನೆ ಒರೆಸಿದೆ. ಒರೆಸಿದೆ ಎನ್ನುವುದಕ್ಕಿಂತ ತೊಳೆದೆ ಎನ್ನಬೇಕು. ಸಂಜೆ ಬಂದವಳು ಬಾಗಿಲಲ್ಲೇ ನಿಂತು, "ಅಯ್ಯೋ ಅಮ್ಮಾ, ಮರದ ನೆಲಕ್ಕೆ ಯಾರಾದ್ರೂ ನೀರು ಸುರೀತಾರಾ? ಉಬ್ಬಿ ಏಳುತ್ತೆ!" ಎಂದಳು. ಸೆಗಣಿ ಸಾರಿಸಿದ ನೆಲದಲ್ಲಿ ಆಡಿ, ಕಾವಿ ನೆಲದಲ್ಲಿ ಬೆಳೆದು, ಮೊಸಾಯಿಕ್ ನೆಲದಲ್ಲಿ ಸಂಸಾರ ಮಾಡಿದವಳು ನಾನು. ನೀರು ಬೇಡವೆನ್ನುವ ನೆಲವೂ ಇದೆಯೆಂದು ಗೊತ್ತಿರಲಿಲ್ಲ.

ಬರ್ಲಿನ್ನಿನ ಷಾರ್ಲೊಟೆನ್‌ಬುರ್ಗ್ ಬಡಾವಣೆಯಲ್ಲಿ, ಮೊದಲ ಮಹಾಯುದ್ಧಕ್ಕೂ ಹಿಂದೆ ಕಟ್ಟಿದ ಮನೆ. ಓಕ್ ಮರದ ಮೊಳದುದ್ದದ ಪಟ್ಟಿಗಳನ್ನು, ಒಂದರ ತಲೆಗೆ ಇನ್ನೊಂದರ ಮಗ್ಗುಲು ತಾಗಿಸಿ, ಜಡೆ ಹೆಣೆದ ಹಾಗೆ ಕೂರಿಸಿದ್ದಾರೆ. ಇದಕ್ಕೆ ಪಾರ್ಕೆಟ್ ಎನ್ನುತ್ತಾರೆ. ಫ್ರಾನ್ಸಿನ ವರ್ಸೇಲ್ಸ್ ಅರಮನೆಯಲ್ಲಿ 1684ರಲ್ಲಿ ಅಮೃತಶಿಲೆ ತೆಗೆಸಿ ಮರ ಹಾಸಿಸಿದ್ದೇ, ತೊಳೆದ ನೀರು ಕೆಳಗಿಳಿದು ತೊಲೆಗಳು ಕೊಳೆಯುತ್ತಿದ್ದವೆಂದು. ಅಲ್ಲಿಯೂ ನನ್ನಂಥವರಿದ್ದರಲ್ಲ ಎಂದು ಸಮಾಧಾನ ಮಾಡಿಕೊಂಡೆ.

ನಾನು ಹೋದದ್ದು ನೆಲ ನೋಡಲಿಕ್ಕಲ್ಲ. ನೆರೆಹೊರೆಗೆ, ಸ್ಟಾಫ್‌ರೂಮಿಗೆ ಹೇಳಿದ್ದು "ಬೇಸಿಗೆ ರಜೆ, ಮಗಳ ಮನೆಗೆ" ಎಂದು. ಮದುವೆಯಾಗಿ ನಾಲ್ಕು ವರ್ಷಕ್ಕೆ ಅವಳು ಗಂಡನಿಂದ ಬೇರೆಯಾಗಿದ್ದಳು. ನಮಗೆ ತಿಳಿಸಿದ್ದು ಎಲ್ಲ ಮುಗಿದ ಮೇಲೆ. "ಹೇಗಾದರೂ ಮಾಡಿ ಕರೆದುಕೊಂಡು ಬಾ" ಎಂದು ಇವರು ಹೇಳಿ ಕಳಿಸಿದ್ದರು. ಆ ಮಾತನ್ನು ಹೇಗೆ ಶುರುಮಾಡುವುದೆಂದು ದಾರಿಯುದ್ದಕ್ಕೂ, ಪಾಠದ ಟಿಪ್ಪಣಿ ಬರೆದ ಹಾಗೆ, ಮನಸ್ಸಿನಲ್ಲೇ ಬರೆದುಕೊಂಡಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅವಳು, "ಈ ಶನಿವಾರ ನೆಲ ಉಜ್ಜಬೇಕು, ಕೈಜೋಡಿಸ್ತೀಯಾ?" ಎಂದಳು. ಬ್ಯಾಂಕಿನಲ್ಲಿ ಸಾಲ ಮಾಡಿ ಆ ಮನೆ ಕೊಂಡುಕೊಂಡಿದ್ದಾಳೆಂದು ಆಗಲೇ ನನಗೆ ಗೊತ್ತಾದದ್ದು.

ಶನಿವಾರವೇ ಆಗಬೇಕು. ಭಾನುವಾರ ಆ ದೇಶದಲ್ಲಿ ಸದ್ದು ಮಾಡುವ ಹಾಗಿಲ್ಲ. ಗೋಡೆಗೆ ಮೊಳೆ ಹೊಡೆದರೂ ತಕರಾರು. ಶುಕ್ರವಾರ ಸಂಜೆ ಇಬ್ಬರೂ ಮಂಡಿಯೂರಿ, ಮೇಲೆದ್ದ ಮೊಳೆಗಳ ತಲೆಯನ್ನೆಲ್ಲ ಮರದೊಳಕ್ಕೆ ಇಳಿಸಿದೆವು. ಒಂದು ಉಳಿದರೂ ಸ್ಯಾಂಡ್‌ಪೇಪರ್ ಹರಿದುಹೋಗುತ್ತದೆ.

ಬಾಡಿಗೆಗೆ ತಂದ ಯಂತ್ರದ ಹೊಟ್ಟೆಯಲ್ಲಿ ಒಂದು ಉರುಳೆ, ಅದಕ್ಕೆ ಸುತ್ತಿದ ಕಾಗದ. ಮೊದಲು 40ನೇ ನಂಬರಿನ ಒರಟು ಕಾಗದ, ಆಮೇಲೆ 80, ಕೊನೆಗೆ 120ರ ನಯ. ನಡುವೆ ಒಂದನ್ನು ಹಾರಿಸಿದರೆ ಹಿಂದಿನದರ ಗೀರು ಹಾಗೇ ಉಳಿಯುತ್ತದೆ. ಸೀರೆ ಸಿಕ್ಕಿಕೊಂಡೀತೆಂದು ಮಗಳ ಪ್ಯಾಂಟು ಹಾಕಿಕೊಂಡೆ. ಈ ವಿಷಯ ನಮ್ಮ ಹೆಡ್‌ಮೇಷ್ಟ್ರ ತನಕ ಹೋಗದಿರಲಿ. ಓಕ್ ಮರದ ಧೂಳು ಉಸಿರಿಗೆ ಬಹಳ ಕೆಟ್ಟದ್ದೆಂದು ಮೂಗಿಗೆ ಮುಸುಕು, ಸದ್ದಿಗೆ ಕಿವಿಮುಚ್ಚಿಗೆ. ಇಡೀ ಬೆಳಿಗ್ಗೆ ತಾಯಿ ಮಗಳು ಕೈಸನ್ನೆಯಲ್ಲೇ ಮಾತಾಡಿದೆವು. ನನ್ನ ಟಿಪ್ಪಣಿ ಟಿಪ್ಪಣಿಯಾಗಿಯೇ ಉಳಿಯಿತು.

ಆ ಯಂತ್ರಕ್ಕೊಂದು ಗುಣ. ಉರುಳೆ ನೆಲ ಮುಟ್ಟಿದ ಕ್ಷಣದಿಂದ ಅದು ನಡೆಯುತ್ತಲೇ ಇರಬೇಕು. ನಿಂತರೆ ನಿಂತಲ್ಲೇ ತೋಡುತ್ತದೆ. ಹಟಮಾಡಿ ನಾನೂ ಒಂದು ಸುತ್ತು ತಳ್ಳಿದೆ. ಕಿಟಕಿಯ ಹತ್ತಿರ, ಕಪ್ಪು ಹೊಗೆಬಣ್ಣದ ಕೆಳಗಿನಿಂದ ಹೊಸ ಬೆಲ್ಲದ ಬಣ್ಣ ಏಳುವುದನ್ನು ನೋಡುತ್ತ ಮೈಮರೆತು ನಿಂತುಬಿಟ್ಟೆ. ತಟ್ಟೆಯಗಲ ತಗ್ಗು ಬಿತ್ತು. ಅವಳು ಓಡಿಬಂದು ಯಂತ್ರ ನಿಲ್ಲಿಸಿ, ಅಂಗೈಯಿಂದ ತಗ್ಗನ್ನು ಸವರಿ, "ಇರಲಿ ಬಿಡು" ಎಂದಳು. ಸಣ್ಣವಳಿದ್ದಾಗ ಶಾಯಿ ಚೆಲ್ಲಿದ್ದಕ್ಕೆ ನಾನು ಅವಳಿಗೆ ಹೊಡೆದದ್ದು ನೆನಪಾಯಿತು.

ಶಾಯಿ ಎಂದೆನಲ್ಲ, ಬಿಸಿನೀರಿನ ಕೊಳವೆ ಸೋರಿದ ಮೂಲೆಯಲ್ಲಿ ಮರ ಶಾಯಿಯಂತೆಯೇ ಕಪ್ಪಗಾಗಿತ್ತು. ಎಷ್ಟು ಉಜ್ಜಿದರೂ ಹೋಗಲಿಲ್ಲ. ಓಕ್ ಮರದ ಒಗರಿಗೆ ಕಬ್ಬಿಣದ ನೀರು ಸೇರಿದರೆ ಹಾಗಾಗುತ್ತದೆ. ಹಿಂದಿನವರು ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಹಾಕಿ ಶಾಯಿ ಮಾಡುತ್ತಿದ್ದುದೂ ಇದೇ ಲೆಕ್ಕದಲ್ಲಿ. ಆಕ್ಸಾಲಿಕ್ ಆಮ್ಲ ಹಚ್ಚಿದರೆ ತಿಳಿಯಾಗುತ್ತದೆ, ಆದರೆ ತೊಳೆದು ಒಣಗಿಸಲು ಪುರಸೊತ್ತಿರಲಿಲ್ಲ.

ಮಧ್ಯಾಹ್ನ ಸಂದುಗಳನ್ನು ತುಂಬುವ ಕೆಲಸ. ಚೀಲದಲ್ಲಿ ಕೂಡಿದ ನುಣ್ಣನೆಯ ಮರದ ಪುಡಿಯನ್ನೇ ಅಂಟಿನ ದ್ರವದಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ತಗಡಿನಿಂದ ಎಳೆಯುತ್ತ ಹೋಗಬೇಕು. ಇದು ಸದ್ದಿಲ್ಲದ ಕೆಲಸ.

"ಪಟ್ಟಿಗಳು ಒಂದಕ್ಕೊಂದು ನಾಲಿಗೆ ಚಾಚಿ ಕಚ್ಚಿಕೊಂಡಿರ್ತವೆ ಅಮ್ಮಾ. ಆ ನಾಲಿಗೆಯ ಮೇಲೆ ಎಷ್ಟು ಮರ ಇದೆಯೋ ಅಷ್ಟೇ ಉಜ್ಜೋಕೆ ಆಗೋದು. ಇನ್ನೊಂದೆರಡು ಸಲ ತಡೆಯಬಹುದು. ಅದಕ್ಕೇ ಇನ್ನು ಇಪ್ಪತ್ತು ವರ್ಷ ಮುಟ್ಟಲ್ಲ," ಎಂದಳು.

ಇಪ್ಪತ್ತು ವರ್ಷ. ನಾನು ಲೆಕ್ಕ ಹಾಕಿದೆ. ಅವಳಿಗೆ ಆಗ ಐವತ್ತೊಂದು. ನನಗೆ, ಇದ್ದರೆ, ಎಪ್ಪತ್ತೇಳು.

ಸ್ವಲ್ಪ ಹೊತ್ತಾದ ಮೇಲೆ ಅವಳೇ ಕೇಳಿದಳು. "ನೀನು ನನ್ನ ಕರಕೊಂಡು ಹೋಗೋಕೆ ಬಂದಿದ್ದು, ಅಲ್ವಾ?"

"ನಿಮ್ಮಪ್ಪ ಹೇಳಿದ್ರು."

"ನೀನು?"

"ಇಲ್ಲೊಂದು ಸಂದು ಬಿಟ್ಟುಹೋಗಿದೆ ನೋಡು, ಆ ತಗಡು ಕೊಡು," ಎಂದೆ. ಅವಳು ಕೊಟ್ಟಳು. ಕೊಡುವಾಗ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

ಭಾನುವಾರ ಎಣ್ಣೆ. ಅಗಸೆ ಎಣ್ಣೆ ಬೆರೆತದ್ದು. ಬಟ್ಟೆಯಲ್ಲಿ ತೆಳ್ಳಗೆ ಹಚ್ಚಿ, ಮರ ಕುಡಿಯದೆ ಉಳಿಸಿದ್ದನ್ನು ಒರೆಸಿ ತೆಗೆಯಬೇಕು. ನಮ್ಮ ಕಾವಿ ನೆಲಕ್ಕೆ ಅಮ್ಮ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದುದರಿಂದ ಈ ಕೈಚಳಕ ನನಗೆ ಬರುತ್ತಿತ್ತು. ಮಗಳೇ ನೋಡಿ ಕಲಿತಳು. ಆ ಬಟ್ಟೆಗಳನ್ನು ಮಾತ್ರ ಮುದ್ದೆಮಾಡಿ ಎಸೆಯಬಾರದು. ಅಗಸೆ ಎಣ್ಣೆ ಒಣಗುವಾಗ ತಾನೇ ಕಾಯುತ್ತದೆ, ಕಡ್ಡಿ ಗೀರದೆಯೇ ಬೆಂಕಿ ಹತ್ತಬಹುದು. ನೀರಿನಲ್ಲಿ ಮುಳುಗಿಸಿಡಬೇಕು. ಬೈಸಿಕೊಂಡಿದ್ದ ನನ್ನ ಬಕೆಟ್ಟಿಗೆ ಕೊನೆಗೂ ಕೆಲಸ ಸಿಕ್ಕಿತು.

ನೆಲ ಮೆಟ್ಟುವ ಹಾಗಿಲ್ಲವೆಂದು ಇಬ್ಬರೂ ಅಡಿಗೆಮನೆಯಲ್ಲೇ ಹಾಸಿಕೊಂಡು ಮಲಗುವ ಹೊತ್ತಿಗೆ ಇವರ ಫೋನು ಬಂತು.

"ಏನಂದಳು? ಮಾತಾಡಿದೆಯಾ?"

"ನೆಲಕ್ಕೆ ಎಣ್ಣೆ ಹಚ್ಚಿದ್ದೇವೆ ಕಣ್ರೀ. ಒಂದು ವಾರ ನೀರು ತಾಗೋ ಹಾಗಿಲ್ಲ," ಎಂದೆ.

ಆ ಕಡೆ ಅವರು ಸುಮ್ಮನಾದರು. ಆಮೇಲೆ, "ಯಾವ ಮರವಂತೆ?" ಎಂದು ಕೇಳಿದರು.