ಮದುವೆಯ ಮಂಟಪವೂ ಚಿತ್ರಶಾಲೆಯೂ

ಗೃಹಸ್ಥರ ಮನೆಯಲ್ಲಿ ಕನ್ಯೆಯ ವಿವಾಹವು ನಿಶ್ಚಯವಾದೊಡನೆ ಮೊದಲು ಹುಟ್ಟುವ ಪ್ರಶ್ನೆ ಸ್ಥಳದ್ದು. ನಮ್ಮ ಮನೆಯಲ್ಲಿಯೂ ಹಾಗೆಯೇ ಆಯಿತು. ಲಗ್ನವು ಮಾಘಮಾಸಕ್ಕೆಂದು ಗೊತ್ತಾದ ದಿನವೇ ನಮ್ಮ ಮಗಳು ತಾನು ಬೆಂಗಳೂರಿನಲ್ಲಿ ನೋಡಿಕೊಂಡು ಬಂದಿದ್ದ ಒಂದು ಸ್ಥಳದ ಮಾತನ್ನೆತ್ತಿದಳು. ಅದು ಛತ್ರವಲ್ಲ, ಕಲ್ಯಾಣಮಂಟಪವಲ್ಲ. ಈಗಿನ ಕಾಲದ ಚಿತ್ರಕಾರರ ಕೃತಿಗಳನ್ನು ತಿಂಗಳಿಗೊಮ್ಮೆ ಬದಲಿಸಿ ತೂಗುಹಾಕುವ ಒಂದು ಸಣ್ಣ ಚಿತ್ರಶಾಲೆ. ಅದರ ಒಡೆಯರು ವೆಚ್ಚವನ್ನು ಸರಿದೂಗಿಸಿಕೊಳ್ಳುವುದಕ್ಕಾಗಿ ಅದನ್ನು ಮದುವೆಗಳಿಗೂ ಬಾಡಿಗೆಗೆ ಕೊಡುವರಂತೆ.

ನಮ್ಮ ಅಕ್ಕಯ್ಯನವರು ಸಾಗರದ ಕಡೆಯ ಹಳ್ಳಿಯಲ್ಲಿ ಬಾಳಿ ಎಪ್ಪತ್ತು ದಾಟಿದವರು. ಈ ಮಾತನ್ನು ಕೇಳಿ ಅವರು ಎಲೆಯಡಿಕೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಚಿತ್ರ ಮಾರುವ ಅಂಗಡಿಯಲ್ಲಿ ಧಾರೆಯೆರೆಯುವುದೆ?" ಎಂದರು. ಮಗಳು ಸೋಲಲಿಲ್ಲ. "ದೊಡ್ಡಮ್ಮ, ಇಂಗ್ಲೆಂಡಿನಲ್ಲಿ ಜನರು ಬಂದು ನೋಡಲೆಂದೇ ಕಟ್ಟಿಸಿದ ಮೊದಲನೆಯ ಚಿತ್ರಶಾಲೆ ಡಲ್ವಿಚ್ ಎಂಬಲ್ಲಿಯದು. 1817ರಲ್ಲಿ ಅದನ್ನು ತೆರೆದರು. ಅಲ್ಲಿಯೂ ಈಗ ಮದುವೆಗಳು ಆಗುತ್ತವೆ," ಎಂದಳು. "ಅವರ ಮದುವೆ ಅವರಿಗೆ, ನಮ್ಮ ಮದುವೆ ನಮಗೆ," ಎಂದು ಅಕ್ಕಯ್ಯನವರು ಎದ್ದುಹೋದರು. ಎರಡು ದಿನ ಆ ಇಬ್ಬರೂ ಸರಿಯಾಗಿ ಮಾತನಾಡಲಿಲ್ಲ.

ಕಣ್ಣಿನಿಂದ ಕಾಣದೆ ವಾದಿಸುವುದು ಉಚಿತವಲ್ಲವೆಂದು ಎಲ್ಲರನ್ನೂ ಕರೆದುಕೊಂಡು ನಾವು ಆ ಚಿತ್ರಶಾಲೆಗೆ ಹೋದೆವು. ಒಂದು ಹಳೆಯ ಮನೆಯ ಒಳಗೋಡೆಗಳನ್ನು ತೆಗೆಸಿ ಮಾಡಿದ ಹಜಾರ. ಸುಣ್ಣದಂತೆ ಬೆಳ್ಳಗಿರುವ ಗೋಡೆಗಳು. ಹಿಂದೆ ಒಂದು ಮಾವಿನ ಮರವುಳ್ಳ ಅಂಗಳ. ಎಂಬತ್ತು ಮಂದಿ ಕುಳಿತರೆ ತುಂಬುವಷ್ಟು ಸ್ಥಳ. ಆ ತಿಂಗಳು ಒಬ್ಬ ತರುಣ ಚಿತ್ರಕಾರರು ಬರೆದ ಕೆರೆಗಳ ಚಿತ್ರಗಳಿದ್ದುವು. ನಡೆಸುವವರು ವಿನಯವುಳ್ಳವರು, ತಮ್ಮ ನಿಯಮಗಳನ್ನು ಮೊದಲೇ ತಿಳಿಸಿದರು. ಗೋಡೆಗೆ ಮೊಳೆ ಹೊಡೆಯಬಾರದು. ಅರಿಸಿನ ಕುಂಕುಮಗಳು ಚಿತ್ರಗಳಿಗೆ ತಗುಲಬಾರದು. ಒಳಗೆ ಹೋಮವಾಗಲಿ ಎಣ್ಣೆಯ ದೀಪವಾಗಲಿ ಕೂಡದು.

ಅಕ್ಕಯ್ಯನವರು ಈ ಕಡೆಯ ಮಾತಿನವರೆಗೆ ಸುಮ್ಮನೆ ಕೇಳಿದರು. ಬಳಿಕ ನಮ್ಮ ಕಡೆ ತಿರುಗಿ, "ದೀಪ ಹಚ್ಚಬಾರದ ಮನೆಯಿಂದ ಹುಡುಗಿಯನ್ನು ಕಳುಹಿಸಿಕೊಡುವೆಯಾ?" ಎಂದು ಮೆಲ್ಲನೆ ಕೇಳಿದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಮಗಳ ಕಣ್ಣು ತುಂಬಿತು.

ಮರುವಾರ ಸೀರೆಗಳನ್ನು ಕೊಳ್ಳುವುದಕ್ಕಾಗಿ ಮೈಸೂರಿಗೆ ಪ್ರಯಾಣವಾಯಿತು. ವ್ಯಾಪಾರವು ಮಧ್ಯಾಹ್ನದೊಳಗೆ ಮುಗಿದು, ರೈಲಿಗೆ ಇನ್ನೂ ನಾಲ್ಕು ಗಂಟೆಯ ಹೊತ್ತಿದ್ದುದರಿಂದ, ದೊಡ್ಡ ಅರಮನೆಗೆ ಅನತಿದೂರದಲ್ಲಿರುವ ಜಗನ್ಮೋಹನ ಅರಮನೆಯನ್ನು ನೋಡೋಣವೆಂದು ಹೊರಟೆವು. ಮೈಸೂರಿಗೆ ಹೋದವರೆಲ್ಲರೂ ದೊಡ್ಡ ಅರಮನೆಯನ್ನು ನೋಡುವರು. ಇದನ್ನು ನೋಡದೆ ಹಿಂದಿರುಗುವವರು ಬಹು ಮಂದಿ. ಇದರ ಚರಿತ್ರೆಯು ನಮ್ಮ ಮನೆಯ ವಾದಕ್ಕೆ ಎಷ್ಟು ಹತ್ತಿರವಾದುದೆಂಬುದು ಒಳಹೊಕ್ಕ ಮೇಲೆಯೇ ನಮ್ಮ ಮನಸ್ಸಿಗೆ ಬಂದುದು.

ಮುಮ್ಮಡಿ ಕೃಷ್ಣರಾಜ ಒಡೆಯರವರು ಇದನ್ನು 1861ರಲ್ಲಿ ಕಟ್ಟಿಸಿದರು. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ವಿವಾಹದ ಸಂಭ್ರಮ ನಡೆಯುತ್ತಿದ್ದಾಗ, ಮರದಿಂದ ಕಟ್ಟಿದ್ದ ಹಳೆಯ ದೊಡ್ಡ ಅರಮನೆಗೆ ಬೆಂಕಿಬಿದ್ದು ಬಹುಭಾಗ ಸುಟ್ಟುಹೋಯಿತು. ಹೊಸ ಅರಮನೆಯು 1912ರಲ್ಲಿ ಪೂರ್ಣವಾಗುವವರೆಗೆ ರಾಜಮನೆತನದವರ ವಾಸವು ಈ ಜಗನ್ಮೋಹನದಲ್ಲಿಯೇ ನಡೆಯಿತು. 1900ನೆಯ ಇಸವಿಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರಿಗೆ ಕಾಠಿಯಾವಾಡದ ವಾಣಾ ಸಂಸ್ಥಾನದ ರಾಜಕುಮಾರಿ ಪ್ರತಾಪಕುಮಾರಿಯವರೊಡನೆ ವಿವಾಹವಾದಾಗ ಅದಕ್ಕೆಂದೇ ಇಲ್ಲಿ ವಿಶಾಲವಾದ ಮಂಟಪವೊಂದನ್ನು ಕಟ್ಟಿಸಿದರು. ಎರಡು ವರ್ಷಗಳ ತರುವಾಯ, 1902ರಲ್ಲಿ, ವೈಸರಾಯ್ ಕರ್ಜನ್ ಪ್ರಭುಗಳ ಸಮಕ್ಷದಲ್ಲಿ ಆ ಮಹಾರಾಜರು ರಾಜ್ಯಾಧಿಕಾರವನ್ನು ವಹಿಸಿಕೊಂಡದ್ದೂ ಇಲ್ಲಿಯೇ. ಪ್ರಜಾಪ್ರತಿನಿಧಿ ಸಭೆಯ ದಸರಾ ಅಧಿವೇಶನಗಳಿಗೂ, ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕಾಲದ ಘಟಿಕೋತ್ಸವಗಳಿಗೂ, ಸಂಗೀತ ನೃತ್ಯಗಳಿಗೂ ಈ ಮಂಟಪವೇ ಒದಗಿತು. 1915ರಿಂದ ಇದೇ ಅರಮನೆಯು ಚಿತ್ರಶಾಲೆಯೂ ಆಯಿತು. 1955ರಲ್ಲಿ ಅದಕ್ಕೆ ಶ್ರೀ ಜಯಚಾಮರಾಜೇಂದ್ರರ ಹೆಸರನ್ನಿಟ್ಟರು.

ಇದನ್ನೆಲ್ಲ ನಾವು ಅಕ್ಕಯ್ಯನವರಿಗೆ ವಿವರಿಸುತ್ತ ನಡೆದೆವು. ಅವರು ನಡುವೆ ನಿಂತು, "ಹಾಗಾದರೆ ಇಲ್ಲಿ ಮೊದಲು ಮದುವೆ, ಆಮೇಲೆ ಚಿತ್ರಗಳು," ಎಂದರು. ಮಗಳು ಹಿಂದಿನಿಂದ, "ಒಂದೇ ಸೂರಿನ ಕೆಳಗೆ, ದೊಡ್ಡಮ್ಮ," ಎಂದಳು. ಅಷ್ಟು ದಿನಗಳ ಮೇಲೆ ಅವರಿಬ್ಬರೂ ಆಡಿದ ಮೊದಲ ಒಳ್ಳೆಯ ಮಾತದು.

ಚಿತ್ರಗಳ ವಿಚಾರವನ್ನು ಪೂರ್ಣವಾಗಿ ಬರೆಯುವುದಕ್ಕೆ ಇಲ್ಲಿ ಸ್ಥಳ ಸಾಲದು. ರಾಜಾ ರವಿವರ್ಮರು ತಮ್ಮ ಕಡೆಯ ವರ್ಷಗಳಲ್ಲಿ ಮೈಸೂರು ಅರಮನೆಗಾಗಿ ಪುರಾಣ ಪ್ರಸಂಗಗಳ ಒಂಬತ್ತು ಚಿತ್ರಗಳನ್ನು ಬರೆದರು. 1906ರಲ್ಲಿ ಅವರು ಕಾಲವಾದರು. ಅವುಗಳಲ್ಲಿ ಶ್ರೀರಾಮನು ಜನಕನ ಸಭೆಯಲ್ಲಿ ಶಿವಧನುಸ್ಸನ್ನು ಮುರಿಯುವ ಚಿತ್ರವೂ ಒಂದು. ಮಹಡಿಯ ರಂಗಮಹಲಿನ ಗೋಡೆಗಳ ಮೇಲೆ ಮುಮ್ಮಡಿಯವರ ಕಾಲದ ಚಿತ್ರಕಾರರು ದಸರಾ ಮೆರವಣಿಗೆಯನ್ನೂ ರಾಜವಂಶದ ವೃಕ್ಷವನ್ನೂ ಬರೆದಿರುವರು. ಗಂಟೆಗೊಮ್ಮೆ ಪುಟ್ಟ ಸಿಪಾಯಿಗಳು ಸಾಲಾಗಿ ಹೊರಡುವಂತೆ ರಚಿಸಿದ ಫ್ರಾನ್ಸ್ ದೇಶದ ಗಡಿಯಾರವು ಮಕ್ಕಳಿಗೆ ಅಚ್ಚುಮೆಚ್ಚು.

ಆದರೆ ಅಕ್ಕಯ್ಯನವರನ್ನು ಹಿಡಿದು ನಿಲ್ಲಿಸಿದುದು ಬೇರೊಂದು ಚಿತ್ರ. ಒಬ್ಬ ಹೆಣ್ಣುಮಗಳು ಕೈಯಲ್ಲಿ ದೀಪವನ್ನು ಹಿಡಿದು, ಅದು ನಂದದಂತೆ ಇನ್ನೊಂದು ಕೈಯನ್ನು ಮರೆಮಾಡಿರುವಳು. ಬೆರಳುಗಳ ಸಂದಿನಿಂದ ಬೆಳಕು ಕೆಂಪಾಗಿ ಸೋಸಿ ಮುಖದ ಮೇಲೆ ಬಿದ್ದಿದೆ. ಇದನ್ನು ರವಿವರ್ಮರ ಕೃತಿಯೆಂದು ನಂಬಿದವರು ಬಹಳ. ಅಕ್ಕಯ್ಯನವರೂ ಹಾಗೆಯೇ ನಂಬಿದ್ದರು. ಬರೆದವರು ಸಾವಂತವಾಡಿಯ ಎಸ್. ಎಲ್. ಹಲ್ದಣಕರರು, 1945–46ರ ಸುಮಾರಿನಲ್ಲಿ, ತೈಲವರ್ಣದಿಂದಲ್ಲ, ಜಲವರ್ಣದಿಂದ. ಎದುರಿಗೆ ದೀಪ ಹಿಡಿದು ನಿಂತವಳು ಅವರ ಸ್ವಂತ ಮಗಳು.

"ಮಗಳೇ?" ಎಂದರು ಅಕ್ಕಯ್ಯನವರು. ಬಹಳ ಹೊತ್ತು ನೋಡಿದರು. ಬಳಿಕ ನಮ್ಮ ಹುಡುಗಿಯ ಕೈಯನ್ನು ಹಿಡಿದು, "ಈ ಕಾಗದದ ಹತ್ತಿರ ನಾವು ನಿಜವಾದ ದೀಪ ಹಚ್ಚಿದರೆ ಇದರ ಗತಿಯೇನು? ಆ ನಿನ್ನ ಚಿತ್ರಶಾಲೆಯವನು ಹೇಳಿದ್ದು ತಪ್ಪಲ್ಲ, ಮಗು. ಮದುವೆಯ ಮನೆಯ ಬೆಂಕಿ ಅರಮನೆಯನ್ನೇ ಬಿಡಲಿಲ್ಲವಂತೆ," ಎಂದರು.

ರೈಲಿಗೆ ಮೊದಲು ದೊಡ್ಡ ಅರಮನೆಯ ಕಲ್ಯಾಣಮಂಟಪವನ್ನೂ ನೋಡಿದೆವು. ಹೆನ್ರಿ ಇರ್ವಿನ್ ಎಂಬ ಶಿಲ್ಪಜ್ಞರು ಹೊಸ ಅರಮನೆಗೆ ಕಲ್ಲು, ಇಟ್ಟಿಗೆ, ಕಬ್ಬಿಣಗಳನ್ನು ಬಳಸಿದರು. ಎಂಟು ಮೂಲೆಯ ಈ ಮಂಟಪದ ಎರಕದ ಕಂಬಗಳು ಗ್ಲಾಸ್ಗೋ ನಗರದಿಂದ ಬಂದುವು. ಮೇಲೆ ನವಿಲುಗಳ ಬಣ್ಣದ ಗಾಜಿನ ಚಾವಣಿ. ಸುತ್ತಲೂ ಗೋಡೆಗಳಲ್ಲಿ ದಸರಾ ಮೆರವಣಿಗೆಯ 26 ಚಿತ್ರಗಳು. 2016ರ ಜೂನ್ ತಿಂಗಳಲ್ಲಿ ಯದುವೀರ ಕೃಷ್ಣದತ್ತ ಚಾಮರಾಜ ಒಡೆಯರವರ ವಿವಾಹವು ಇದೇ ಅರಮನೆಯಲ್ಲಿ ನಡೆಯಿತು. ಮದುವೆಯೂ ಚಿತ್ರವೂ ಒಂದೆಡೆ ಇರಬಾರದೆಂದು ಇನ್ನು ಯಾರು ಹೇಳಬಲ್ಲರು?

ಹಿಂದಿರುಗುವಾಗ ರೈಲಿನಲ್ಲಿ ಅಕ್ಕಯ್ಯನವರು ತಾವಾಗಿಯೇ ಹಸೆಯ ಮಾತನ್ನೆತ್ತಿದರು. ಮಲೆನಾಡಿನ ಮದುವೆಯ ಮನೆಯನ್ನು ಬಲ್ಲ ವಾಚಕರಿಗೆ ಇದು ಹೊಸದಲ್ಲ. ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿಯನ್ನು ನೆನೆಸಿ ಅರೆದ ಬಿಳುಪಿನಲ್ಲಿ ಪುಂಡಿನಾರಿನ ಕುಂಚವನ್ನದ್ದಿ, ಹೆಂಗಸರು ಹಾಡುತ್ತ ಚೌಕವನ್ನು ಬರೆಯುವರು. ಹುರಿದು ಕಪ್ಪಾಗಿಸಿದ ಅಕ್ಕಿಯಿಂದ ಕಪ್ಪು ಬಣ್ಣ. ವಧೂವರರು ಅದರ ಮುಂದೆ ಕುಳ್ಳಿರುವರು. ಹಸೆಮಣೆಯೆಂಬ ಮಾತಿನಲ್ಲಿಯೂ ಈ ಹಸೆಯೇ ಉಂಟು. ಹೀಗಿರುವಾಗ ಚಿತ್ರವಿರುವಲ್ಲಿ ಮದುವೆಯೆಂಬುದು ನಮ್ಮವರಿಗೆ ಹೊಸತೇನೂ ಅಲ್ಲ. ಇದನ್ನು ನಮಗೆ ನೆನಪಿಸಿಕೊಡಲು ಮಗಳು ಇಂಗ್ಲೆಂಡಿನ ಮಾತನ್ನು ತೆಗೆಯಬೇಕಾಗಿರಲಿಲ್ಲ.

ಬೆಂಗಳೂರು ಬರುವಷ್ಟರಲ್ಲಿ ಒಪ್ಪಂದವಾಗಿತ್ತು. ಧಾರೆಯು ಹಳ್ಳಿಯ ಮನೆಯಂಗಳದ ಚಪ್ಪರದಲ್ಲಿ, ದೀಪಗಳ ನಡುವೆ. ಆರತಕ್ಷತೆಯು ಮೂರನೆಯ ದಿನ ಆ ಚಿತ್ರಶಾಲೆಯಲ್ಲಿ, ದೀಪವಿಲ್ಲದೆ. ಆದರೆ ಅಲ್ಲಿಯೂ ಒಂದು ಹಸೆ ಇರಲೇಬೇಕೆಂಬುದು ಅಕ್ಕಯ್ಯನವರ ನಿಯಮ. ಗೋಡೆಗೆ ಮೊಳೆ ಹೊಡೆಯುವಂತಿಲ್ಲವಾದ್ದರಿಂದ, ಕೆಮ್ಮಣ್ಣು ಬಳಿದ ಹಲಗೆಯೊಂದನ್ನು ಗೋಡೆಗೆ ಒರಗಿಸಿ ನಿಲ್ಲಿಸುವುದು. ಬರೆಯುವವರು ಅವರು, ಗೆರೆ ಹಿಡಿದು ಕಲಿಯುವವಳು ಮಗಳು.

ಇದನ್ನು ತಿಳಿಸಿದಾಗ ಚಿತ್ರಶಾಲೆಯವರು ಬಹಳ ಸಂತೋಷಪಟ್ಟು, ಆ ಹಲಗೆಯನ್ನು ತಾವು ಕೊಂಡು ಶಾಶ್ವತವಾಗಿ ಇಟ್ಟುಕೊಳ್ಳಬಹುದೇ ಎಂದು ಕೇಳಿದರು. ಅಕ್ಕಯ್ಯನವರು ಕೊಟ್ಟ ಉತ್ತರವನ್ನು ಇದ್ದಂತೆಯೇ ಬರೆಯುತ್ತೇವೆ: "ಹಸೆಗೆ ಬೆಲೆ ಕಟ್ಟುವುದುಂಟೆ? ನೋಡಬೇಕೆಂದವರು ಒಂದು ತಿಂಗಳು ನೋಡಲಿ. ಆಮೇಲೆ ತೊಳೆದು ಹಲಗೆ ಕಳುಹಿಸಿಕೊಡಿ. ಇವಳ ಮಗಳ ಮದುವೆಗೆ ಇವಳು ಬರೆಯಬೇಕು."

ಹಲಗೆಯು ಈಗ ನಮ್ಮ ಮನೆಯ ಜಗಲಿಯಲ್ಲಿ ಕೆಮ್ಮಣ್ಣಿಗಾಗಿ ಕಾದಿದೆ. ಪ್ರತಿದಿನ ಸಂಜೆ ದೊಡ್ಡಮ್ಮನೂ ಮಗಳೂ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆಗಳ ಅಭ್ಯಾಸ ಮಾಡುತ್ತಿದ್ದಾರೆ. ಮಗಳ ಗೆರೆ ಇನ್ನೂ ಸೊಟ್ಟಗೇ ಬರುತ್ತಿದೆ. ಮಾಘಮಾಸಕ್ಕೆ ಇನ್ನೂ ಸಮಯವುಂಟು.