ಕೋಠಿಯ ಮಳೆ, ಎರೆನೆಲದ ದಾರಿ

ಕೋಠಿಯಲ್ಲಿ ಮಳೆ ಹನಿಯಿತೆಂದರೆ ಮೊದಲು ಎದ್ದು ಓಡಾಡುವವರು ಹಳೆಯ ಪುಸ್ತಕದ ವ್ಯಾಪಾರಿಗಳು. ವೈದ್ಯ ವಿದ್ಯಾರ್ಥಿಗಳ ದಪ್ಪ ಗ್ರಂಥಗಳ ಮೇಲೆ ತಾಡಪತ್ರಿ ಎಳೆದು, ನಾಲ್ಕು ಮೂಲೆಗೂ ಕಲ್ಲು ಹೇರಿ, ತಾವು ಮಾತ್ರ ನೆನೆಯುತ್ತ ನಿಲ್ಲುತ್ತಾರೆ. ಅಷ್ಟರಲ್ಲಿ ಸುಲ್ತಾನ್ ಬಜಾರಿನ ಸೀರೆಯಂಗಡಿಗಳ ಮುಂದೆ ಮೊಣಕಾಲುದ್ದ ನೀರು ನಿಂತಿರುತ್ತದೆ. ಗುಜರಾತಿ ಗಲ್ಲಿಯಿಂದ ಹೊರಟ ಆಟೋಗಳು ದೋಣಿಗಳಂತೆ ಬರುತ್ತವೆ. ಇಲ್ಲಿಯ ಇಳಿಜಾರೆಲ್ಲ ಮೂಸಿಯ ಕಡೆಗೆ. ನೀರಿಗೂ ಜನರಿಗೂ ಸಂಜೆಯಾದರೆ ಒಂದೇ ದಾರಿ.

ಕೋಠಿ ಎಂದರೆ ದೊಡ್ಡ ಬಂಗಲೆ. ಯಾವ ಬಂಗಲೆ ಎಂದು ಕೇಳಿದರೆ, ಮೊದಲು ಮಹಿಳಾ ಕಾಲೇಜಾಗಿದ್ದು ಈಗ ಮಹಿಳಾ ವಿಶ್ವವಿದ್ಯಾಲಯವಾಗಿರುವ ಆವರಣದೊಳಗೆ ಹೋಗಿ ನೋಡಬೇಕು. 1800ರ ನಂತರದ ಮೊದಲ ದಶಕದಲ್ಲಿ ರೆಸಿಡೆಂಟನಾಗಿದ್ದ ಜೇಮ್ಸ್ ಕಿರ್ಕ್‌ಪ್ಯಾಟ್ರಿಕ್ ಕಟ್ಟಿಸಿದ ಮಹಲು ಅದು. ಎತ್ತರದ ಕಂಬಗಳು, ಮೆಟ್ಟಿಲುಗಳ ಎರಡು ಬದಿಗೆ ಕಲ್ಲಿನ ಸಿಂಹಗಳು. 1857ರ ಜುಲೈ 17ರಂದು ತುರ್ರೇಬಾಜ್ ಖಾನನೂ ಮೌಲ್ವಿ ಅಲ್ಲಾವುದ್ದೀನನೂ ಜನರನ್ನು ಕೂಡಿಸಿಕೊಂಡು ಮುತ್ತಿಗೆ ಹಾಕಿದ್ದು ಇದೇ ಮಹಲಿಗೆ. 1949ರಿಂದ ಅಲ್ಲಿ ಹೆಣ್ಣುಮಕ್ಕಳು ಓದುತ್ತಿದ್ದಾರೆ. ರೆಸಿಡೆಂಟರು ಹೋದರು, ಹೆಸರು ಉಳಿಯಿತು.

ಮೂಸಿಯ ವಿಷಯದಲ್ಲಿ ನಾವು ಕನ್ನಡಿಗರು ಸ್ವಲ್ಪ ಎದೆಯುಬ್ಬಿಸಿಕೊಳ್ಳುವುದುಂಟು. 1908ರ ಸೆಪ್ಟೆಂಬರ್ 28ರ ಪ್ರವಾಹದಲ್ಲಿ ಹದಿನೈದು ಸಾವಿರ ಜನ ಹೋದರೆಂದು ಹೇಳುತ್ತಾರೆ. ಮರುವರ್ಷ ನಿಜಾಮರು ಕರೆಸಿಕೊಂಡದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಅವರ ಸಲಹೆಯಂತೆ ಮೇಲ್ಗಡೆ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಕಟ್ಟಿಕೊಂಡವು. ಆ ಕೆರೆಗಳು ತುಂಬಿ ಬಾಗಿಲು ತೆರೆದರೆ ಈಗಲೂ ಚಾದರ್‌ಘಾಟಿನ ತಗ್ಗು ಸೇತುವೆಯನ್ನು ಮುಚ್ಚುತ್ತಾರೆ. 2020ರ ಅಕ್ಟೋಬರಿನ ಮಳೆಯನ್ನು ಕಂಡವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ಇಷ್ಟು ಪೀಠಿಕೆ ಹಾಕಿದ್ದು ಟೈರಿನ ಮಾತಿಗೆಂದರೆ ವಾಚಕರು ನಗಬಾರದು.

ನಮ್ಮದು ಕೈ ಬದಲಾಯಿಸಿದ ಎಸ್‌ಯುವಿ. ನೋಡಲು ಬೆಟ್ಟಗಾಡಿನ ಗಾಡಿ. ಬಲವೆಲ್ಲ ಹೋಗುವುದು ಮುಂದಿನ ಎರಡೇ ಚಕ್ರಗಳಿಗೆ. ಹೋದ ವರ್ಷ ಜುಲೈಯಲ್ಲಿ ತಾಯಿಯವರ ಕಣ್ಣು ತೋರಿಸಿಕೊಂಡು ಕೋಠಿಯಿಂದ ಚಾದರ್‌ಘಾಟಿನ ಕಡೆ ಇಳಿಯುತ್ತಿದ್ದೆವು. ಆಗತಾನೆ ಮಳೆ ಶುರುವಾಗಿತ್ತು. ದಿನವೆಲ್ಲ ಬಿದ್ದ ಎಣ್ಣೆಯೂ ಧೂಳೂ ಮೇಲೆದ್ದು ರಸ್ತೆ ಅತಿ ಹೆಚ್ಚು ಜಾರುವುದು ಈ ಮೊದಲ ಹತ್ತು ನಿಮಿಷಗಳಲ್ಲೇ. ಮುಂದಿದ್ದ ಆಟೋ ತಟ್ಟನೆ ನಿಂತಿತು. ಬ್ರೇಕು ಒತ್ತಿದೆವು. ಕಾಲ ಕೆಳಗೆ ಗುರ್ರೆಂದು ನಡುಗಿತೇ ಹೊರತು ಗಾಡಿ ನಿಲ್ಲಲಿಲ್ಲ. ಮೆಲ್ಲಗೆ, ಬಹಳ ಮರ್ಯಾದೆಯಿಂದ, ಜಾರಿಕೊಂಡೇ ಹೋಗಿ ಆಟೋದ ಬೆನ್ನಿಗೆ ತಗುಲಿತು. ಆಟೋದಲ್ಲಿ ಶಾಲೆಯ ಮಕ್ಕಳಿದ್ದರು, ಏಳೆಂಟು ಜನ. ಯಾರಿಗೂ ಏನೂ ಆಗಲಿಲ್ಲ. ಹಿಂದೆ ತಿರುಗಿ ನಮ್ಮನ್ನೇ ನೋಡುತ್ತಿದ್ದ ಆ ಮುಖಗಳು ಮಾತ್ರ ಅಂದಿನ ರಾತ್ರಿ ನಿದ್ದೆಗೊಡಲಿಲ್ಲ. ತಾಯಿಯವರು ಒಂದೇ ಮಾತು ಕೇಳಿದರು: “ಯಾಕಪಾ, ಗಾಡಿ ನಿನ್ನ ಮಾತು ಕೇಳವಲ್ದೇನು?”

ಎರಡನೆಯ ಪೆಟ್ಟು ಅದೇ ವರ್ಷ ಪಿತೃಪಕ್ಷದಲ್ಲಿ ಬಿತ್ತು. ನಮ್ಮ ಊರು ರಾಯಚೂರು ಜಿಲ್ಲೆಯ ದೇವದುರ್ಗದ ಕಡೆ. ಡಾಂಬರು ರಸ್ತೆಯಿಂದ ಊರಿಗೆ ಮೂರು ಮೈಲು ಎರೆಹೊಲದ ದಾರಿ. ಬೇಸಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಆ ನೆಲ ಮಳೆ ಬಿದ್ದರೆ ನೀರು ಕುಡಿದು ಉಬ್ಬಿ ಬೆಣ್ಣೆಯಾಗುತ್ತದೆ. ನಮ್ಮ ಗಾಡಿ ಬದಿಯ ಹಳ್ಳಕ್ಕೆ ಇಳಿಯಿತು. ಟ್ರ್ಯಾಕ್ಟರು ಬಂದು ಎಳೆದು ಊರು ಮುಟ್ಟುವ ಹೊತ್ತಿಗೆ ಸಂಜೆ ನಾಲ್ಕು ಗಂಟೆ. ಪುರೋಹಿತರು ಇನ್ನೊಂದು ಊರಿಗೆ ಹೋಗಿಬಿಟ್ಟಿದ್ದರು. ತಂದೆಯವರ ಪಕ್ಷ ಆ ದಿನ ಆಗಲಿಲ್ಲ. ತಾಯಿಯವರು ಬೈಯಲಿಲ್ಲ, ಬೈದಿದ್ದರೆ ವಾಸಿಯಾಗಿತ್ತು.

ಹೀಗೆ ಟೈರು ಬದಲಾಯಿಸುವುದೆಂದು ನಿಶ್ಚಯವಾಯಿತು. ಯಾವುದು ಎಂಬುದೇ ತೊಡಕು. ಕೋಠಿಯ ಒದ್ದೆ ಡಾಂಬರು ಒಂದು ಬಗೆಯ ಟೈರನ್ನು ಕೇಳುತ್ತಿತ್ತು, ಎರೆನೆಲ ಇನ್ನೊಂದು ಬಗೆಯದನ್ನು.

ಡೆನ್ವರಿನಲ್ಲಿರುವ ತಮ್ಮನನ್ನು ಫೋನಿನಲ್ಲಿ ವಿಚಾರಿಸಿದೆವು. ಅವನಿಗೆ ಸಂದೇಹವೇ ಇಲ್ಲ. “ಅಣ್ಣ, ಆಲ್ ಟೆರೇನ್ ಹಾಕಿಸು. ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹೂವು, ಆ ಮುದ್ರೆ ಇರೋದನ್ನೇ ತಗೋ” ಎಂದ. ಅವನ ಊರಿನ ಕಾನೂನೇ ಹಾಗಿದೆ. ಕೊಲರಾಡೋದಲ್ಲಿ ಐ-70 ಹೆದ್ದಾರಿಯ ಬೆಟ್ಟದ ಭಾಗದಲ್ಲಿ, ಮಾರಿಸನ್ನಿನಿಂದ ಡಾಟ್‌ಸೆರೋವರೆಗೆ, ಸೆಪ್ಟೆಂಬರ್ 1ರಿಂದ ಮೇ 31ರ ತನಕ ನಾಲ್ಕು ಚಕ್ರಕ್ಕೂ ಬಲವಿರುವ ಗಾಡಿಯಾಗಿರಬೇಕು, ಇಲ್ಲವೆ ‘ಎಂ+ಎಸ್’ ಅಥವಾ ಹಿಮಮುದ್ರೆಯ ಟೈರಿರಬೇಕು, ಅದೂ ಇಲ್ಲದಿದ್ದರೆ ಸರಪಳಿ ಜೊತೆಗಿರಬೇಕು. ಟೈರಿನ ತೋಡು ಅಂಗುಲದ 16ರಲ್ಲಿ 3 ಭಾಗಕ್ಕೆ, ಎಂದರೆ ಹೆಚ್ಚುಕಡಿಮೆ 4.8 ಮಿಲಿಮೀಟರಿಗೆ, ಕಡಿಮೆಯಿರಬಾರದು. ‘ಎಂ+ಎಸ್’ ಎಂಬುದು ಕೆಸರು, ಹಿಮ ಎಂದಾದರೂ ಅದು ಗಟ್ಟೆಗಳ ಆಕಾರ ನೋಡಿ ಹಾಕಿಕೊಳ್ಳುವ ಅಕ್ಷರ. ಬೆಟ್ಟದ ಮುದ್ರೆ ತುಳಿದು ಗಟ್ಟಿಯಾದ ಹಿಮದ ಮೇಲೆ ಪರೀಕ್ಷೆ ಮಾಡಿ ಕೊಡುವುದು. ಹೊರದೇಶದಲ್ಲಿರುವ ನಮ್ಮ ಓದುಗರು ಇದನ್ನು ಗಮನಿಸಿದರೆ ಒಳ್ಳೆಯದು. ಆ ಪರೀಕ್ಷೆ ಹಿಮದ ಮೇಲಿನ ಎಳೆತಕ್ಕೆ ಮಾತ್ರ, ಗಾಜಿನಂಥ ಮಂಜುಗಡ್ಡೆಗಲ್ಲ ಎಂಬುದನ್ನೂ ಮರೆಯಬಾರದು.

ಮರುದಿನ ಕಛೇರಿ ಬಿಟ್ಟ ಮೇಲೆ ಕೋಠಿಯಿಂದ ಸ್ವಲ್ಪ ದೂರದ ಒಂದು ಟೈರಂಗಡಿಗೆ ಹೋಗಿ, ಬಹಳ ತಿಳಿದವರಂತೆ, ಹಿಮದ ಮುದ್ರೆಯ ಟೈರು ತೋರಿಸಿ ಎಂದೆವು. ಅಂಗಡಿಯ ಮುದುಕ ಚಹಾ ಕೆಳಗಿಟ್ಟ. “ಸಾಬ್, ಹೈದರಾಬಾದ್ ಮೇಂ ಬರಫ್ ಗೋಲೇ ಮೇಂ ಮಿಲ್ತಾ. ಸಡಕ್ ಪೇ ನಕ್ಕೋ ಢೂಂಡೋ” ಎಂದ. ಇಲ್ಲಿ ಹಿಮ ಸಿಗುವುದು ಐಸ್ ಗೋಲದ ಬಂಡಿಯಲ್ಲಿ, ರಸ್ತೆಯ ಮೇಲೆ ಹುಡುಕಬೇಡಿ ಎಂದು ಅರ್ಥ. ಮುದುಕನ ಮಾತಿನಲ್ಲಿ ಶಾಸ್ತ್ರವೂ ಇತ್ತು. ಅಪ್ಪಟ ಚಳಿಗಾಲದ ಟೈರಿನ ರಬ್ಬರು 7 ಡಿಗ್ರಿಯ ಕೆಳಗೂ ಮೆತ್ತಗಿರುವಂತೆ ಕಲಸಿದ್ದು. ನಮ್ಮ ಮೇ ತಿಂಗಳ 42 ಡಿಗ್ರಿಯಲ್ಲಿ ಅದು ಪೆನ್ಸಿಲ್ ಉಜ್ಜುವ ರಬ್ಬರಿನಂತೆ ಸವೆಯುತ್ತದೆ.

ಆಮೇಲೆ ಅವನು ನಮ್ಮ ಹಳೆಯ ಟೈರಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ತೋಡಿನೊಳಗೆ ಕಡ್ಡಿ ಇಳಿಸಿದ. ಐದು ಮಿಲಿಮೀಟರು ಧಾರಾಳವಾಗಿ ಇತ್ತು. ನಮ್ಮಲ್ಲಿ ಕಾನೂನಿನ ಮಿತಿ 1.6, ತೋಡಿನ ತಳದಲ್ಲಿ ಅದನ್ನು ತೋರಿಸುವ ಸಣ್ಣ ಉಬ್ಬುಗಳಿರುತ್ತವೆ. ಹಾಗಾದರೆ ಟೈರು ಚೆನ್ನಾಗಿದೆಯಲ್ಲ ಎಂದೆವು. ಅವನು ಉಗುರಿನಿಂದ ರಬ್ಬರನ್ನು ಒತ್ತಿದ, ಮರದ ಹಾಗಿತ್ತು. ಪಕ್ಕದಲ್ಲಿ ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕೆ ತೋರಿಸಿದ: 2215. 2015ನೆಯ ಇಸವಿಯ 22ನೆಯ ವಾರದಲ್ಲಿ ಹುಟ್ಟಿದ ಟೈರು! ಗಾಡಿ ಹೆಚ್ಚು ಓಡಿಲ್ಲ ಎಂದು ಹಿಂದಿನ ಯಜಮಾನರು ಹೊಗಳಿ ಮಾರಿದ್ದರಲ್ಲ, ಓಡಿರಲಿಲ್ಲ ನಿಜ. ನಿಂತಲ್ಲೇ ಮುದಿಯಾಗಿತ್ತು. ಐದಾರು ವರ್ಷವಾದ ಮೇಲೆ ವರ್ಷಕ್ಕೊಮ್ಮೆ ನೋಡಿಸಬೇಕು, ಹತ್ತಾದರೆ ತೋಡಿದ್ದರೂ ತೆಗೆದುಹಾಕಬೇಕು ಎಂದು ತಿಳಿದವರು ಹೇಳುತ್ತಾರೆ. ಕಛೇರಿಯಲ್ಲಿ ದಿನಕ್ಕೆ ನೂರು ಕಾಗದಗಳ ತಾರೀಖು ನೋಡುವ ನಾವು ನಮ್ಮದೇ ಗಾಡಿಯ ತಾರೀಖು ನೋಡಿರಲಿಲ್ಲ.

ಅಂದು ಕಲಿತದ್ದು ಇನ್ನೊಂದು. ತೋಡು ಇರುವುದು ನೀರನ್ನು ಹೊರಗೆ ದೂಡಲಿಕ್ಕೆ. ಜಡ್ಚರ್ಲಾ ಹೆದ್ದಾರಿಯಲ್ಲಿ 90ರ ವೇಗದಲ್ಲಿ ನಿಂತ ನೀರಿಗೆ ನುಗ್ಗಿದರೆ, ತೋಡು ಸಾಲದ ಟೈರು ನೆಲ ಬಿಟ್ಟು ನೀರಿನ ಮೇಲೆ ತೇಲುತ್ತದೆ. ಆಗ ಸ್ಟಿಯರಿಂಗ್ ಹಿಡಿದು ದೇವರನ್ನು ನೆನೆಯಬೇಕು. ಕೋಠಿಯ 25, 30ರ ವೇಗದಲ್ಲಿ ತೇಲುವ ಭಯ ಅಷ್ಟಿಲ್ಲ. ಅಲ್ಲಿ ಗಾಡಿ ನಿಲ್ಲಿಸುವುದು ರಬ್ಬರಿನ ಹಿಡಿತ, ಎಷ್ಟು ರಬ್ಬರು ನೆಲಕ್ಕೆ ಅಂಟಿಕೊಂಡಿದೆ ಎಂಬುದು. ಆಲ್ ಟೆರೇನ್ ಟೈರಿನಲ್ಲಿ ಗಟ್ಟೆ ದೊಡ್ಡದು, ಸಂದು ಅಗಲ. ಜಲ್ಲಿಗೂ ಕೆಸರಿಗೂ ಅದು ಚೆಂದ. ಬದಿಯ ಗೋಡೆ ದಪ್ಪವಾದದ್ದಿದ್ದರೆ ನಮ್ಮ ಕಡೆಯ ಜಾಲಿಮುಳ್ಳನ್ನೂ ತಡೆದೀತು. ಆದರೆ ಒದ್ದೆ ಡಾಂಬರಿನ ಮೇಲೆ ಅಷ್ಟೇ ಸ್ಪರ್ಶ ಕಡಿಮೆ, ಬ್ರೇಕು ಒತ್ತಿದಾಗ ಗಟ್ಟೆಗಳು ಬಾಗುತ್ತವೆ, ನಿಲ್ಲುವ ದೂರ ಸಾಮಾನ್ಯವಾಗಿ ಹೆಚ್ಚು. ತೂಕ ಹೆಚ್ಚು, ಎಣ್ಣೆ ಹೆಚ್ಚು, ಗುಂಯ್ಗುಡುವ ಸದ್ದೂ ಹೆಚ್ಚು.

ಮನೆಯಲ್ಲಿ ಕಾಗದ ತೆಗೆದು ಎರಡು ಕಲಂ ಗೀಟು ಹಾಕಿದೆವು, ಸರ್ಕಾರಿ ಅಭ್ಯಾಸ. ಊರಿನ ದಾರಿ: ವರ್ಷಕ್ಕೆ ಆರು ದಿನ, ಅದರಲ್ಲಿ ಮಳೆ ಬಿದ್ದ ದಿನ ಎರಡು. ಕೋಠಿಯ ದಾರಿ: ಮುನ್ನೂರು ದಿನ. ನಮ್ಮ ಮನೆಯವರು ಹೆಗಲ ಮೇಲಿಂದ ಇಣಿಕಿ, “ಆ ಎರಡು ದಿನದಲ್ಲಿ ಎದುರಿಗೆ ಏನಿರುತ್ತೆ, ಹೊಲ. ಈ ಮುನ್ನೂರು ದಿನದಲ್ಲಿ ಎದುರಿಗೆ ಏನಿರುತ್ತೆ?” ಎಂದರು. ನಾವು ಕಾಗದ ಮಡಿಸಿದೆವು.

ಹೆದ್ದಾರಿಗೆಂದು ಮಾಡಿದ ಬಗೆಯನ್ನೇ ತೆಗೆದುಕೊಂಡೆವು. ಉದ್ದಕ್ಕೂ ನಾಲ್ಕು ಆಳದ ಕಾಲುವೆಗಳು, ಅಂಚಿನಲ್ಲಿ ಸ್ವಲ್ಪ ಬಿಚ್ಚಿದ ಗಟ್ಟೆ. ಅಳತೆ ಕಂಪನಿ ಬರೆದದ್ದೇ, 215/65 ಆರ್ 16. ಮುಂದೆ 98 ಎಚ್. ಇದರಲ್ಲಿ 98 ಎಂದರೆ ಟೈರೊಂದು 750 ಕಿಲೋ ಹೊರಬಹುದು, ಎಚ್ ಎಂದರೆ ಗಂಟೆಗೆ 210 ಕಿಲೋಮೀಟರು ತಾಳಬಹುದು. ಆ ವೇಗದಲ್ಲಿ ಕೋಠಿಯಲ್ಲಿ ಯಾರು ಹೋದಾರು! ಹುಟ್ಟಿದ ವಾರ ನೋಡಿಯೇ ಕೈಯಿಟ್ಟೆವು. ಎರಡೇ ಸಾಕೇ ಎಂದು ಚೌಕಾಸಿಗೆ ಹೊರಟಾಗ ಮುದುಕ, ಎರಡೇ ಆದರೆ ಹೊಸವು ಹಿಂದಿನ ಚಕ್ರಕ್ಕೇ ಹೋಗಬೇಕು, ಹಿಂಭಾಗ ಜಾರಿದರೆ ಯಾರಿಂದಲೂ ಹಿಡಿಯಲಾಗದು ಎಂದ. ಅಲ್ಲಿಗೆ ಮುಂದಿನವು ಅದೇ ಮರದ ತುಂಡುಗಳಾಗಿ ಉಳಿಯುತ್ತಿದ್ದವು. ನಾಲ್ಕನ್ನೂ ಹಾಕಿಸಿದೆವು. ಮೂವತ್ತೆರಡು ಸಾವಿರ. ಸ್ಟೆಪ್ನಿಯ ತಾರೀಖನ್ನು ಮಾತ್ರ ಆ ದಿನ ನೋಡದೆ ಕಣ್ಣು ಮುಚ್ಚಿಕೊಂಡೆವೆಂದು ಒಪ್ಪಿಕೊಳ್ಳಬೇಕು.

ಈ ವರ್ಷದ ಪಿತೃಪಕ್ಷಕ್ಕೆ ಬೆಳಗಿನ ಮೂರೂವರೆಗೇ ಹೊರಟೆವು. ಶಾದ್‌ನಗರ ದಾಟಿದ ಮೇಲೆ ಮಳೆ ಹಿಡಿಯಿತು. 70ರ ಮೇಲೆ ಹೋಗಲಿಲ್ಲ. ಮಹಬೂಬ್‌ನಗರದ ಹತ್ತಿರ ಕುರಿಮಂದೆಯೊಂದು ಕತ್ತಲಿನಿಂದ ರಸ್ತೆಗಿಳಿಯಿತು. ಬ್ರೇಕು ಒತ್ತಿದೆವು, ಗಾಡಿ ನಿಂತಿತು. ಕುರುಬ ತಿರುಗಿಯೂ ನೋಡಲಿಲ್ಲ. ಮಕ್ತಲ್ ಕಳೆದು, ಕೃಷ್ಣೆಯ ಸೇತುವೆಯ ಮೇಲೆ ತಾಯಿಯವರು ಎಂದಿನಂತೆ ಕಾಸು ಎಸೆದು ಕೈ ಮುಗಿದರು. ಶಕ್ತಿನಗರದ ಹೊಗೆಕೊಳವೆಗಳು ಮೋಡದೊಳಗೆ ಅರ್ಧ ಮುಳುಗಿದ್ದವು.

ಡಾಂಬರು ಮುಗಿಯುವಲ್ಲಿ ಹನುಮಂತ ದೇವರ ಗುಡಿ. ಒಂದು ಪರೀಕ್ಷೆ ನೋಡೋಣವೆಂದು ಎರೆದಾರಿಗೆ ಗಾಡಿ ಇಳಿಸಿದೆವು. ನೂರು ಗಜ ಹೋಗುವಷ್ಟರಲ್ಲಿ ತೋಡುಗಳೆಲ್ಲ ಕರಿಮಣ್ಣು ತುಂಬಿ ಟೈರು ರೊಟ್ಟಿ ಮೆತ್ತಿದ ಹಾಗೆ ನುಣ್ಣಗಾಯಿತು. ಅಲ್ಲಿಗೆ ಬಂದಿದ್ದ ನಮ್ಮ ದೊಡ್ಡಪ್ಪನ ಮಗ ನಕ್ಕು, “ಎಂಥಾ ಟೈರ್ ಹಾಕಿದ್ರೂ ಹಸಿ ಎರಿ ಬಿಡಂಗಿಲ್ಲ ಅಣ್ಣಾ. ಅವಂದು ಬ್ಯಾರೆ ಕಂಪನಿ ಗಾಡಿ, ದೊಡ್ಡ ಗಟ್ಟಿ ಟೈರು, ಮೊನ್ನಿ ಇಲ್ಲೇ ಸಿಕ್ಕಿತ್ತು” ಎಂದು ಪಕ್ಕದ ಊರಿನ ಗುತ್ತಿಗೆದಾರರ ಕಥೆ ಹೇಳಿದ. ಹಿಂದಕ್ಕೆ ತೆಗೆದು ಗುಡಿಯ ಪಕ್ಕ ನಿಲ್ಲಿಸಿದೆವು. ಟ್ರ್ಯಾಕ್ಟರಿಗೆ ಹಿಂದಿನ ದಿನವೇ ಹೇಳಿಟ್ಟಿದ್ದೆವು. ಟ್ರೇಲರಿನಲ್ಲಿ ಕುರ್ಚಿ ಹಾಕಿ, ಕೊಡೆ ಹಿಡಿದು ತಾಯಿಯವರನ್ನು ಕೂಡಿಸಿದಾಗ ಗಂಟೆ ಒಂಬತ್ತೂವರೆ. ಪುರೋಹಿತರು ಇನ್ನೂ ಸ್ನಾನಕ್ಕೆ ಹೋಗಿದ್ದರು.

ಸೋಮವಾರ ಕಛೇರಿಯ ಅಂಗಳದಲ್ಲಿ ಗಾಡಿ ನಿಲ್ಲಿಸಿದೆವು. ಬಿಸಿಲಿಗೆ ಒಣಗಿದ ಎರೆಮಣ್ಣು ತೋಡುಗಳಿಂದ ಹೆಂಟೆ ಹೆಂಟೆಯಾಗಿ ಉದುರುತ್ತಿತ್ತು. ಮಕ್ತಲ್ ಕಡೆಯ ಕಾವಲುಗಾರ ಒಂದು ಹೆಂಟೆ ಎತ್ತಿಕೊಂಡು ಬೆರಳಲ್ಲಿ ಪುಡಿಮಾಡಿ ನೋಡಿದ. “ಜೋಳದ ಹೊಲದ ಮಣ್ಣು ಸಾರ್” ಎಂದವನು ಅದನ್ನು ಕಸದ ಬುಟ್ಟಿಗೆ ಹಾಕದೆ, ಗೇಟಿನ ಬಳಿಯ ತುಳಸಿಯ ಕುಂಡಕ್ಕೆ ಹಾಕಿದ.