ಸರ್ವೋ ದೊಡ್ಡದಾದಷ್ಟೂ ಒಳ್ಳೇದಾ?

"ನಂಗೆ ಹಾರ್ಸಕ್ಕೆ ಬರಲ್ಲ ಬಿಡು ಮಾಮಾ..."

ಕಳೆದ ಬೇಸಿಗೆ ರಜೆಯಲ್ಲಿ ಅಕ್ಕನ ಮಗ ಹೀಗಂದಾಗ ನಾನು ಸುಮ್ಮನಿದ್ದೆ. ಹಾಗೆ ಸುಮ್ಮನಿದ್ದದ್ದು ಇವತ್ತಿಗೂ ಚುಚ್ಚುತ್ತೆ. ಅದಕ್ಕೇ ಇದನ್ನು ಬರೀತಾ ಇದ್ದೀನಿ.

ಆಗಿದ್ದಿಷ್ಟು. ಇಬ್ಬರೂ ಹದಿನೈದು ದಿನ ಕೂತು ಡೆಪ್ರಾನ್ ಹಾಳೆಯಲ್ಲಿ ಪುಟ್ಟದೊಂದು ಎಲೆಕ್ಟ್ರಿಕ್ ವಿಮಾನ ಮಾಡಿದ್ವಿ. ರೆಕ್ಕೆ ತುದಿಯಿಂದ ತುದಿಗೆ 80 ಸೆಂ.ಮೀ. ಎಲ್ಲ ಸೇರಿ 180 ಗ್ರಾಂ ಆಗಬೇಕು ಅಂತ ಲೆಕ್ಕ. ಬಾಲದಲ್ಲಿ ಎರಡು ಸರ್ವೋ: ಎಲಿವೇಟರ್‌ಗೆ ಒಂದು, ರಡ್ಡರ್‌ಗೆ ಒಂದು. (ಸರ್ವೋ ಅಂದ್ರೆ ಪುಟ್ಟ ಮೋಟಾರು, ಗೇರು, ಒಂದಿಷ್ಟು ಎಲೆಕ್ಟ್ರಾನಿಕ್ಸ್ ಇರೋ ಡಬ್ಬಿ. ರಿಮೋಟಿನ ಕಡ್ಡಿ ಸರಿಸಿದಷ್ಟೇ ತಿರುಗಿ ಅಲ್ಲೇ ಗಟ್ಟಿಯಾಗಿ ನಿಲ್ಲುತ್ತೆ.)

ನಕ್ಷೆಯಲ್ಲಿ 4 ಗ್ರಾಂ ಸರ್ವೋ ಅಂತ ಬರೆದಿತ್ತು. ನಾನು ಎಸ್.ಪಿ. ರೋಡಿಗೆ ಹೋಗಿ 9 ಗ್ರಾಂನದು ತಂದೆ. ಅಷ್ಟು ಚಿಕ್ಕದು ಏನು ಎಳೆಯುತ್ತೆ, ಶಕ್ತಿ ಜಾಸ್ತಿ ಇದ್ರೆ ನಷ್ಟವೇನು ಅನ್ನೋದು ನನ್ನ ಮೇಧಾವಿತನ. ಜೋಡಿಸಿ ನೋಡಿದ್ರೆ ಬಾಲ ಭಾರ! ಬ್ಯಾಟರಿಯನ್ನು ಮೂತಿಯ ತುದಿಗೆ ಒತ್ತಿದರೂ ಸಾಲಲಿಲ್ಲ. ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ಟೇಪಿನಲ್ಲಿ ಮೂತಿಗೆ ಸುತ್ತಿ, "ಈಗ ಸರಿಹೋಯ್ತು" ಅಂದೆ.

ಊರಿನ ಕೊಯ್ಲಾದ ಗದ್ದೆ. ನಾನು ವಿಮಾನ ಎಸೆದೆ, ಅವನ ಕೈಯಲ್ಲಿ ರಿಮೋಟು. ಇಪ್ಪತ್ತು ಅಡಿ ಹೋಗಿರಬಹುದು, ಮೂತಿ ಎತ್ತಿತು, ಎಡ ರೆಕ್ಕೆ ಕುಸಿದು ನೇರ ಬದುವಿಗೆ ಬಡಿಯಿತು. "ಎಲಿವೇಟರ್ ಜಾಸ್ತಿ ಎಳೆದೆ ಕಣೋ" ಅಂದೆ. ಹುಡುಗ ರಿಮೋಟನ್ನು ನನ್ನ ಕೈಗಿಟ್ಟು ಆ ಮಾತು ಹೇಳಿದ. ಮಾರನೇ ದಿನ ನಾನು ಬೆಂಗಳೂರಿಗೆ ವಾಪಸ್.

ಒಂದು ತಿಂಗಳ ಮೇಲೆ ಮುರಿದ ತುಂಡುಗಳನ್ನೆಲ್ಲ ಅಡುಗೆಮನೆ ತಕ್ಕಡಿಯಲ್ಲಿಟ್ಟು ತೂಗಿದೆ. 215 ಗ್ರಾಂ!

ಲೆಕ್ಕ ನೋಡಿ. ಎರಡು ಸರ್ವೋದಿಂದ ಹೆಚ್ಚಾದದ್ದು ಬರೀ 10 ಗ್ರಾಂ. ಆದರೆ ಅವು ಕೂತಿದ್ದದ್ದು ವಿಮಾನ ಸಮತೂಕವಾಗುವ ಜಾಗದಿಂದ 30 ಸೆಂ.ಮೀ. ಹಿಂದೆ. ಮೂತಿ ಇದ್ದದ್ದು ಅದೇ ಜಾಗದಿಂದ 12 ಸೆಂ.ಮೀ. ಮುಂದೆ. ಜಾತ್ರೆಯ ಏತದ ಉಯ್ಯಾಲೆಯ ಲೆಕ್ಕವೇ: ಹಿಂದಿನ 10 ಗ್ರಾಂಗೆ ಮುಂದೆ 25 ಗ್ರಾಂ ಸೀಸ. ಒಟ್ಟು 35 ಗ್ರಾಂ, ಅಂದ್ರೆ ಹೆಚ್ಚುಕಮ್ಮಿ ಐದನೇ ಒಂದು ಪಾಲು ಹೆಚ್ಚು ತೂಕ. ಇಷ್ಟು ಏರಿದರೆ ವಿಮಾನ ಗಾಳಿಯಲ್ಲಿ ನಿಲ್ಲಲು ಬೇಕಾದ ಕನಿಷ್ಠ ವೇಗ ನೂರಕ್ಕೆ 9ರಷ್ಟು ಏರುತ್ತೆ. ನನ್ನ ಕೈಯ ಎಸೆತ ಏರುತ್ತಾ? ಹುಡುಗ ಕಡ್ಡಿ ಸ್ವಲ್ಪ ಹೆಚ್ಚು ಎಳೆದಿದ್ದು ನಿಜ ಇರಬಹುದು. ಆದರೆ ತಪ್ಪು ತಡೆದುಕೊಳ್ಳುವ ಅವಕಾಶವನ್ನೇ ನಾನು ಅದರಿಂದ ಕಿತ್ತುಕೊಂಡಿದ್ದೆ.

ಸರಿ, ಅಷ್ಟು ಶಕ್ತಿ ಬೇಕಿತ್ತಾ ಅಂತಾದ್ರೂ ನೋಡೋಣ ಅಂತ ಕೂತೆ. ಎಲಿವೇಟರ್ 25 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲ. ವೇಗ ಸೆಕೆಂಡಿಗೆ 12 ಮೀಟರ್. ಆ ಗಾಳಿ ಪೂರ್ತಿ ಅಡ್ಡಡ್ಡ ಬಡಿದರೂ ಬೀಳುವ ಒತ್ತಡ ಸುಮಾರು 65 ಗ್ರಾಂ ತೂಕದಷ್ಟು. ಕೀಲಿನಿಂದ ಒಂದೂವರೆ ಸೆಂ.ಮೀ. ದೂರಕ್ಕೆ ಗುಣಿಸಿದರೆ 0.1 ಕೆ.ಜಿ.-ಸೆಂ.ಮೀ. 4 ಗ್ರಾಂನ ಸರ್ವೋ ಅರ್ಧ ಕೆ.ಜಿ.-ಸೆಂ.ಮೀ. ಆಸುಪಾಸು ಎಳೆಯುತ್ತೆ, ಅಂದ್ರೆ ಐದು ಪಟ್ಟು! ವೇಗ ಎರಡು ಪಟ್ಟಾದರೆ ಗಾಳಿಯ ಬಲ ನಾಲ್ಕು ಪಟ್ಟಾಗುತ್ತೆ, ಆಗಲೂ ಸಾಕು. ಇನ್ನೂ ಬಲ ಬೇಕಂದ್ರೆ ತಂತಿಯನ್ನು ಸರ್ವೋ ತೋಳಿನ ಒಳ ತೂತಿಗೆ ಹಾಕಿದ್ರಾಯ್ತು. ಚಲನೆ ಕಮ್ಮಿಯಾಗುತ್ತೆ, ಬಲ ಹೆಚ್ಚುತ್ತೆ.

ಹಾಗಂತ 9 ಗ್ರಾಂ ಸರ್ವೋನ ಬೈತಾ ಇಲ್ಲ. ಅರ್ಧ ಕಿಲೋ ತೂಗುವ ವಿಮಾನಕ್ಕೆ ಅದು ಹೇಳಿ ಮಾಡಿಸಿದ ಹಾಗೆ. ದೊಡ್ಡ ದೊಡ್ಡ ಎಲಿವೇಟರ್ ಇಟ್ಟುಕೊಂಡು ಲಾಗ ಹಾಕುವ ವಿಮಾನಕ್ಕೂ ಬಲ ಬೇಕೇ ಬೇಕು. ಚಿಕ್ಕ ಸರ್ವೋಗಳ ಕಷ್ಟವೂ ಇದೆ: ಪ್ಲಾಸ್ಟಿಕ್ ಗೇರಿನ ಹಲ್ಲು ಬಲು ಸೂಕ್ಷ್ಮ, ಇಳಿಯುವಾಗ ರಡ್ಡರ್ ಕಲ್ಲಿಗೆ ತಗುಲಿದರೆ ಕಟ್ ಅಂತ ಮುರಿಯುತ್ತೆ. ಇನ್ನು, ಕೈಯಲ್ಲಿರೋದು 9 ಗ್ರಾಂನದೇ ಆದ್ರೆ ಬಾಲದಲ್ಲಿಡದೆ ರೆಕ್ಕೆಯ ಕೆಳಗೆ ತಂದು, ಉದ್ದದ ಕಡ್ಡಿಯಿಂದ ಬಾಲಕ್ಕೆ ಜೋಡಿಸಬಹುದು. ಸೀಸವೇ ಬೇಡ. ಇಷ್ಟು ಸರಳ ಉಪಾಯ ಆವತ್ತು ಹೊಳೆಯಲಿಲ್ಲ, ಡಬ್ಬಿಯ ಮೇಲಿನ ಶಕ್ತಿಯ ಅಂಕಿ ನೋಡಿಯೇ ಹೊಟ್ಟೆ ತುಂಬಿತ್ತು.

ಲೆಕ್ಕವೇನೋ ಮುಗೀತು. ಫೋನ್ ಮಾಡೋದಕ್ಕೆ ಮಾತ್ರ ಇನ್ನೂ ಎರಡು ದಿನ ಬೇಕಾಯ್ತು. ಹದಿಮೂರು ವರ್ಷದ ಹುಡುಗನ ಹತ್ರ "ತಪ್ಪು ನಂದೇ ಕಣೋ" ಅನ್ನೋಕೆ ಇಷ್ಟು ಕಷ್ಟ ಯಾಕೋ! ಕೊನೆಗೂ ಮಾಡಿದೆ. ಸರ್ವೋ, ಸೀಸ, 35 ಗ್ರಾಂ, ಎಲ್ಲ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

"ಹಂಗಾದ್ರೆ ನಂಗೆ ಹಾರ್ಸಕ್ಕೆ ಬರುತ್ತಾ ಮಾಮಾ?"

"ಇನ್ನೂ ನೋಡೇ ಇಲ್ವಲ್ಲೋ" ಅಂದೆ.

ದಸರಾ ರಜೆಗೆ ಹೋಗ್ತಾ ಇದ್ದೀನಿ. ಬ್ಯಾಗಿನಲ್ಲಿ 4 ಗ್ರಾಂನ ಸರ್ವೋ ಎರಡು, ಹಲ್ಲು ಮುರಿದ್ರೆ ಇರ್ಲಿ ಅಂತ ಇನ್ನೊಂದು. ಜೊತೆಗೆ ಅಡುಗೆಮನೆಯ ತಕ್ಕಡಿ. ಮನೆಯವಳಿಗೆ ಇನ್ನೂ ಹೇಳಿಲ್ಲ :)